9 ರೂಪಾಯಿ 12 ಆಣೆ

ಬರವಣಿಗೆಯನ್ನೇ ಕಸುಬು ಮಾಡಿಕೊಳ್ತೀನಿ ಅಂತ ಕೂತ ಆರ್.ಕೆ. ನಾರಾಯಣ್ ಅವರಿಗೆ ಮೊದಲ ವರ್ಷ ಸಿಕ್ಕಿದ್ದು ಎಷ್ಟು ಗೊತ್ತಾ? 9 ರೂಪಾಯಿ 12 ಆಣೆ. ಅದೂ ಇಂಗ್ಲೆಂಡಿನ ಹಳೇ ಕಡಲ ಕಾನೂನುಗಳ ಬಗೆಗಿನ ಒಂದು ಪುಸ್ತಕದ ವಿಮರ್ಶೆ ಬರೆದದ್ದಕ್ಕೆ. ಎರಡನೇ ವರ್ಷ ಒಂದು ಕತೆಗೆ 18 ರೂಪಾಯಿ. ಮೂರನೇ ವರ್ಷ ಮಕ್ಕಳ ಕತೆಯೊಂದಕ್ಕೆ 30. ಪರ್ಸೆಂಟೇಜ್ ಲೆಕ್ಕ ಹಾಕಿದ್ರೆ ನಮ್ಮ ಕಂಪನಿಯಲ್ಲಿ ಯಾರಿಗೂ ಸಿಗದ ಹೈಕ್! ಆದರೆ ಅಂಗಡಿಯವನು ಪರ್ಸೆಂಟೇಜ್ ತಗೊಂಡು ಅಕ್ಕಿ ಕೊಡಲ್ವಲ್ಲ.

ಈ ಲೆಕ್ಕ ತೆಗೆಯೋಕೆ ಕಾರಣ ನಮ್ಮ ಟೀಮಿನ ಒಬ್ಬ ಹುಡುಗ. ಮಂಡ್ಯ ಕಡೆಯವನು, ನನ್ನ ಹಾಗೇ ಹಳ್ಳಿಯಿಂದ ಬಿ.ಇ. ಮುಗಿಸಿ ಬಂದವನು. ಕದ್ದುಮುಚ್ಚಿ ಒಂದು ಕಾದಂಬರಿ ಬರೀತಿದಾನೆ. ಒಂದಿನ ಕ್ಯಾಂಟೀನಿನಲ್ಲಿ, "ಅಣ್ಣಾ, ಪೇಪರ್ ಹಾಕ್ತೀನಿ. ನಾರಾಯಣ್ ಕೂಡ ಮೇಷ್ಟ್ರು ಕೆಲಸ ಬಿಟ್ಟೇ ಅಲ್ವಾ ಬರೆದಿದ್ದು?" ಅಂದ.

ಬಿಟ್ಟಿದ್ದು ನಿಜ. 1930ರಲ್ಲಿ ಮೈಸೂರಿನಲ್ಲಿ ಬಿ.ಎ. ಮುಗಿಸಿದ ಮೇಲೆ ಚನ್ನಪಟ್ಟಣದ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಡ್ರಿಲ್ ಮೇಷ್ಟ್ರ ಬದಲಿಗೆ ಹೋಗಿ ಅಂದಿದ್ದಕ್ಕೆ ಬಿಟ್ಟು ಬಂದರು. ಈ ಕತೆ ಎಲ್ಲರಿಗೂ ಇಷ್ಟ. ಆದರೆ ಅವರು ಬಿಟ್ಟು ಬಂದದ್ದು ಎಲ್ಲಿಗೆ ಅಂತ ಯಾರೂ ಕೇಳಲ್ಲ. ಬಂದದ್ದು ಮೈಸೂರಿನ ತುಂಬಿದ ಮನೆಗೆ. ಅಪ್ಪ ಹೆಡ್‌ಮಾಸ್ಟರ್ ಆಗಿದ್ದವರು. ಒಂದು ಎಲೆ ಹೆಚ್ಚಿಗೆ ಹಾಕೋದು ಆ ಮನೆಗೆ ಭಾರವಾಗಲಿಲ್ಲ. ಬೆಂಗಳೂರಿನಲ್ಲಿ ಅಜ್ಜಿ ಒಳ್ಳೇ ದಿನ ನೋಡಿ ಹೇಳಿದ ಮೇಲೆ ನೋಟ್‌ಬುಕ್ ಕೊಂಡು ಬರೆಯೋಕೆ ಕೂತರು. ಶಂಕರ್‌ನಾಗ್ ಆಗುಂಬೆಯಲ್ಲಿ ತೋರಿಸಿದ ಮಾಲ್ಗುಡಿ ಹುಟ್ಟಿದ್ದು ಆ ನೋಟ್‌ಬುಕ್ಕಿನಲ್ಲಿ.

1934ರಲ್ಲಿ ಮದುವೆ. ಆಮೇಲೆ ಅವರೂ ದುಡಿಯೋಕೆ ಇಳಿದರು ನೋಡಿ. ಮದ್ರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರಿನ ವರದಿಗಾರರಾಗಿ ಕೋರ್ಟು, ಪೊಲೀಸು ಅಂತ ಸುದ್ದಿ ಹುಡುಕಿಕೊಂಡು ಊರೆಲ್ಲಾ ಸುತ್ತಿದರು.

ಅತ್ತ ಇಂಗ್ಲೆಂಡಿನಲ್ಲಿ ಹಸ್ತಪ್ರತಿ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ಹೋಗಿ ವಾಪಸ್ ಬರ್ತಾನೇ ಇತ್ತು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಮೈಸೂರಿನ ಗೆಳೆಯ ಪೂರ್ಣ ಅವರಿಗೆ ನಾರಾಯಣ್ ಕೊನೆಗೆ ಕಾಗದ ಬರೆದರು: ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು. ಪೂರ್ಣ ಹಾಕಲಿಲ್ಲ. ಗ್ರಹಾಂ ಗ್ರೀನ್ ಅವರಿಗೆ ಕೊಟ್ಟರು. ಗ್ರೀನ್ ಓದಿದರು, ಮೆಚ್ಚಿದರು, ಪ್ರಕಾಶಕರನ್ನು ಹಿಡಿದರು, ಉದ್ದನೆಯ ಹೆಸರನ್ನು ಆರ್.ಕೆ. ನಾರಾಯಣ್ ಅಂತ ಮೊಟಕು ಮಾಡಿಸಿದರು. ಇಬ್ಬರೂ ಆಗ ಒಬ್ಬರ ಮುಖ ಒಬ್ಬರು ನೋಡಿದವರಲ್ಲ! 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು.

ಬಂದ ಕೂಡಲೇ ಕಷ್ಟ ತೀರಿತು ಅಂದ್ಕೋಬೇಡಿ. ಹೊಗಳಿಕೆ ಬಂತು, ಮಾರಾಟ ಆಗಲಿಲ್ಲ. ಮೊದಲ ಪುಸ್ತಕ ಹ್ಯಾಮಿಶ್ ಹ್ಯಾಮಿಲ್ಟನ್, 1937ರ ಎರಡನೆಯದು ನೆಲ್ಸನ್, 1938ರ ಮೂರನೆಯದು ಮ್ಯಾಕ್‌ಮಿಲನ್. ಮೂರು ಕಾದಂಬರಿಗೆ ಮೂರು ಪ್ರಕಾಶಕರು. ಮರುವರ್ಷವೇ ಹೆಂಡತಿ ರಾಜಂ ಟೈಫಾಯಿಡ್‌ನಿಂದ ತೀರಿಕೊಂಡರು. ಮಗಳು ಇನ್ನೂ ಪುಟ್ಟವಳು. ನಾಲ್ಕನೇ ಕಾದಂಬರಿ ಬರೋಕೆ 1945 ಆಯ್ತು. ಆಗಲೂ ಮನೆ ಅನ್ನೋದೊಂದು ಹಿಂದೆ ನಿಂತಿತ್ತು.

ಹುಡುಗನಿಗೆ ಇಷ್ಟನ್ನೂ ಹೇಳಿ ಕೇಳಿದೆ: "ನಿಮ್ಮನೇಲಿ ಯಾರಿಗೆ ಯಾರು ಅನ್ನ ಹಾಕ್ತಿರೋದು ಈಗ?" ಸುಮ್ಮನಾದ. ಬೋರ್‌ವೆಲ್ ಸಾಲ, ತಂಗಿಯ ಕಾಲೇಜ್ ಫೀಸು ಎರಡೂ ಅವನ ಸಂಬಳದ ಮೇಲೇ ನಿಂತಿವೆ. ನನ್ನ ಕತೆಯೂ ಬೇರೆ ಏನಲ್ಲ. ಆಫರ್ ಲೆಟರ್ ತೋರಿಸಿದ ದಿನ ಅಪ್ಪ ಕೇಳಿದ್ದು ಒಂದೇ, "ಬ್ಯಾಂಕಿನ ಸಾಲ ಎಷ್ಟು ತಿಂಗಳಿಗೆ ತೀರುತ್ತಪ್ಪಾ?" ನಮ್ಮಂಥವರ ಮನೆಯಲ್ಲಿ ಕೆಲಸ ಬಿಟ್ಟು ಬರೆಯೋದು ಬರೀ ಧೈರ್ಯದ ಮಾತಲ್ಲ. ಅದರ ಬಿಲ್ಲು ಇನ್ನೊಬ್ಬರ ಹೆಸರಿಗೆ ಬರುತ್ತೆ.

ಹಾಗಂತ ಬರೆಯೋದು ಬಿಡು ಅನ್ನೋಕೆ ಬಾಯಿ ಬರಲಿಲ್ಲ. ನಾರಾಯಣ್ ಮನೆಯಂಥ ಮನೆ ಅವನಿಗೆ ನಾನು ಕೊಡಲಾರೆ. ಆದರೆ ಪೂರ್ಣ ಮಾಡಿದ ಕೆಲಸಕ್ಕೆ ಆಸ್ತಿಪಾಸ್ತಿ ಬೇಕಿಲ್ಲ. ಹಠ ಇದ್ದರೆ ಸಾಕು. "ಕೆಲಸ ಇಟ್ಕೊ. ಶನಿವಾರಕ್ಕೊಂದು ಅಧ್ಯಾಯ ನನಗೆ ಕಳಿಸು. ಓದಿ ಹೇಳೋದು, ಮುಗಿದ ಮೇಲೆ ಪ್ರಕಾಶಕರ ಬಾಗಿಲು ತಟ್ಟೋದು ನನ್ನ ಕೆಲಸ" ಅಂದೆ.

ಹೋದ ಶನಿವಾರ ನಾಲ್ಕನೆಯದು ಬಂತು. ಕೊನೆಯ ಎರಡು ಪುಟ ಬೇಡ ಅನ್ನಿಸಿತು, ಹಾಗೇ ಹೇಳಿದೆ. ಎರಡು ದಿನ ಮಾತಾಡಲಿಲ್ಲ ಪುಣ್ಯಾತ್ಮ. ಬುಧವಾರ ತಿದ್ದಿ ಕಳಿಸಿದಾನೆ. ಒಂದೇ ಪುಟ ತೆಗೆದಿದಾನೆ. ಇನ್ನೊಂದು ಯಾಕೆ ಬೇಕೇ ಬೇಕು ಅನ್ನೋದಕ್ಕೆ ಮೂರು ಪುಟದ ಮೇಲ್ ಬರೆದಿದಾನೆ.