ಹುಳಿ ಬರುವ ಹೊತ್ತು: ನಾಲ್ಕೂರಿನ ಟಿಪ್ಪಣಿಗಳು

ಬಾಗಲಕೋಟೆ

ಇಂಗ್ಲಿಷಿನ 'ಬ್ರೂ' ಎಂಬ ಪುಟ್ಟ ಪದದ ಹೊಟ್ಟೆಯಲ್ಲಿ ಎಷ್ಟೊಂದು ಕೆಲಸಗಳಿವೆ! ಮೊಳೆತ ಬಾರ್ಲಿಯಿಂದ ಬಿಯರ್ ಮಾಡುವುದೂ ಅದೇ, ಬಿಸಿನೀರಿನಲ್ಲಿ ಚಹಾದೆಲೆಯ ರಸ ಬಿಡಿಸುವುದೂ ಅದೇ. ಬಿರುಗಾಳಿ ಏಳುವ ಲಕ್ಷಣ ಕಂಡರೆ, ಮಂದಿ ಒಳಗೊಳಗೆ ಮಸಲತ್ತು ನಡೆಸಿದರೆ, ಆಗಲೂ ಅದೇ. ನಮ್ಮ ಕಡೆ ಒಂದೊಂದಕ್ಕೂ ಒಂದೊಂದು ಮಾತು. ಚಹಾ ಕುದಿಸುತ್ತಾರೆ, ಕಷಾಯ ಕಾಸುತ್ತಾರೆ, ಹಾಲಿಗೆ ಹೆಪ್ಪು ಹಾಕುತ್ತಾರೆ, ಹಿಟ್ಟು ಹುದುಗಲು ಬಿಡುತ್ತಾರೆ, ಸಾರಾಯಿಯಾದರೆ ಭಟ್ಟಿ ಇಳಿಸುತ್ತಿದ್ದರು. ಮಳೆ ಮೋಡ ಕಟ್ಟುತ್ತದೆ, ಸಿಟ್ಟು ಹೊಗೆಯಾಡುತ್ತದೆ.

ಮಾತು ಬೇರೆಯಾದರೂ ಇವುಗಳಲ್ಲಿ ಒಂದು ಸಾಮ್ಯವಿದೆ. ಬೇಕಾದದ್ದನ್ನು ಕೂಡಿಸಿಟ್ಟ ಮೇಲೆ ಮನುಷ್ಯ ಕೈ ಹಿಂದಕ್ಕೆ ತೆಗೆಯಬೇಕು. ಉಳಿದ ಕೆಲಸವನ್ನು ಹೊತ್ತು ಮಾಡುತ್ತದೆ. ಹಾಗಾದರೆ 'ಇನ್ನು ಸಾಕು' ಎಂದು ಹೇಳುವವರು ಯಾರು, ಯಾವ ಗುರುತಿನ ಮೇಲೆ? ನನ್ನ ಬೆರಗು ಇದರ ಬಗ್ಗೆಯೇ.

ಹುನಗುಂದ

ಎರೆಹೊಲದ ಊರು, ಬಿಳಿಜೋಳದ ಊರು. ಅಂಬಲಿಗೆ ಬೇಕಾದದ್ದು ಜೋಳದ ಹಿಟ್ಟು ಮತ್ತು ನೀರು, ಅಷ್ಟೇ. ರಾತ್ರಿ ಕಲಸಿ ಗಡಿಗೆಯಲ್ಲಿ ಮುಚ್ಚಿಟ್ಟರೆ ಬೇಸಗೆಯಲ್ಲಿ ಬೆಳಗಿಗೆ ಹುಳಿ ಬಂದಿರುತ್ತದೆ. ಚಳಿಗಾಲದಲ್ಲಿ ಅದೇ ಹಿಟ್ಟು ಹಟ ಹಿಡಿಯುತ್ತದೆ. ಆಗ ಗಡಿಗೆಯನ್ನು ಒಲೆಯ ಮಗ್ಗುಲಿಗೆ ಸರಿಸುತ್ತಾರೆ.

ಒಬ್ಬ ಅಜ್ಜಿ ಹದ ನೋಡುವುದನ್ನು ನಾನು ನೋಡಿದೆ. ಮುಚ್ಚಳ ತೆಗೆದವರೇ ಮೊದಲು ಮೂಸಿದರು. ಮೇಲೆ ನಿಂತ ತಿಳಿನೀರನ್ನು ಬೆರಳಿನಿಂದ ಸರಿಸಿ, ಕೆಳಗಿನ ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದರು. ಸಣ್ಣ ಗುಳ್ಳೆಯೊಂದು ಮೇಲೆದ್ದು ಒಡೆಯಿತು. ಬೆರಳನ್ನು ನಾಲಿಗೆಗೆ ತಾಗಿಸಿ, "ಇನ್ನ ಬಂದಿಲ್ರಿ" ಎಂದು ಮತ್ತೆ ಮುಚ್ಚಿದರು. ಮೂಗು, ಕಣ್ಣು, ಬೆರಳು, ನಾಲಿಗೆ, ನಾಲ್ಕೂ ಒಪ್ಪಿದ ಮೇಲೆಯೇ ಕುದಿಸುವುದು, ಆರಿದ ಮೇಲೆ ಮಜ್ಜಿಗೆ ಬೆರೆಸುವುದು.

ಒಳಗೆ ನಡೆಯುವುದಿಷ್ಟು: ಕಾಳಿನ ಮೇಲೆಯೇ ಇರುವ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆ ಹುಳಿ ಕೆಡಿಸುವ ಜೀವಿಗಳನ್ನು ದೂರವಿಡುತ್ತದೆ. ಜೋಳದಲ್ಲಿ ಕಬ್ಬಿಣದ ಅಂಶವನ್ನು ಕಟ್ಟಿಹಾಕುವ ಫೈಟಿಕ್ ಆಮ್ಲವೂ ಹುದುಗಿದಾಗ ಕಡಿಮೆಯಾಗುತ್ತದೆ. ಬಡವರ ಊಟವೆಂದು ಬದಿಗೆ ಸರಿಸಿದ ಅಂಬಲಿಯಲ್ಲಿ ಇಷ್ಟು ವಿದ್ಯೆ ಅಡಗಿದೆ.

ಬಾದಾಮಿ

ಊರಿಂದ ಐದು ಕಿಲೋಮೀಟರಿನಷ್ಟು ದೂರದ ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿ ಮುಂದಿಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಮೊಸರು. ಬನದ ಹುಣ್ಣಿಮೆಯ ಜಾತ್ರೆಗೆ ಬಂದವರು ದೇವಿಯ ದರ್ಶನವಾದ ಮೇಲೆ ಇವರ ಮುಂದೆಯೇ ಕೂಡುತ್ತಾರೆ.

ಮೊಸರು ಕುಡಿಕೆಯಲ್ಲಿ ಅಷ್ಟು ಗಟ್ಟಿಯಾಗುವುದು ಏಕೆ? ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಹೀರಿ ಹೊರಮೈಗೆ ತರುತ್ತವೆ, ಅಲ್ಲಿ ಅದು ಆವಿಯಾಗುತ್ತದೆ. ನೀರು ಕಳೆದು ಮೊಸರು ಗಟ್ಟಿಯಾಗುತ್ತದೆ. ಕುಡಿಕೆ ತಂಪಾದ್ದರಿಂದ ಹುಳಿ ಏರುವುದೂ ನಿಧಾನ. ಸ್ಟೀಲಿನ ಡಬ್ಬಿಯಿಂದ ಈ ಕೆಲಸ ಆಗದು. ಹೆಪ್ಪು ಹಾಕುವವಳಷ್ಟೇ ಕುಂಬಾರನೂ ಈ ಮೊಸರಿಗೆ ಕಾರಣ.

ಕೂಡಲಸಂಗಮ

ಹುನಗುಂದ ಸೀಮೆಯಲ್ಲೇ ಕೃಷ್ಣೆ ಮಲಪ್ರಭೆಯರು ಕೂಡುವ, ಬಸವಣ್ಣನವರ ಐಕ್ಯಸ್ಥಳ. ಇಲ್ಲಿಗೆ ಬಂದಾಗ ನೆನಪಾಗುವ ಶರಣರು ಹೆಂಡದ ಮಾರಯ್ಯ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಅಂಬಿಗನಿದ್ದಾನೆ, ಮಡಿವಾಳನಿದ್ದಾನೆ, ಹೆಂಡ ಮಾರುವವನೂ ಇದ್ದಾನೆ. ಅವನ ವಚನಗಳು ನಮಗೆ ಉಳಿದು ಬಂದಿವೆ. ಯಾರ ಕಾಯಕವನ್ನು ಊರು ಕೀಳೆಂದಿತೋ ಅವನಿಗೂ ಮಾತಾಡುವ ಹಕ್ಕು ಕೊಟ್ಟ ಕಾಲವದು. ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಹೆಂಡದ ಹೊತ್ತು ಬಲು ಚುರುಕು. ಈಚಲಿನಿಂದ ಆಗತಾನೆ ಇಳಿದ ರಸ ಸಿಹಿ. ಗಾಳಿಯ, ಗಡಿಗೆಯ ಯೀಸ್ಟ್ ಸೇರಿ ಕೆಲವೇ ತಾಸಿನಲ್ಲಿ ನೊರೆ ಏಳುತ್ತದೆ, ಅಮಲು ಬರುತ್ತದೆ. ಮರುದಿನಕ್ಕೆ ಬಿಟ್ಟರೆ ವಿನಿಗರ್ ದಾರಿ ಹಿಡಿಯುತ್ತದೆ. ಗಡಿಗೆಯ ಒಳಗೆ ಮೊದಲೇ ಸುಣ್ಣ ಬಳಿದರೆ ಹುದುಗುವುದು ತಡೆದು ನೀರಾ ಆಗಿ ಉಳಿಯುತ್ತದೆ. ಸಾರಾಯಿ ಬೇರೆಯ ಮಾತು: ಹುದುಗಿದ್ದನ್ನು ಕಾಯಿಸಿ, ಆವಿ ಹಿಡಿದು, ಮತ್ತನ್ನು ಹಲವು ಪಟ್ಟು ಬಿಗಿ ಮಾಡುವುದು. ಎಷ್ಟೋ ಮನೆ ಹಾಳುಮಾಡಿದ ಆ ಸಾರಾಯಿಯನ್ನು ಕರ್ನಾಟಕ 2007ರ ಜುಲೈ 1ರಿಂದ ನಿಷೇಧಿಸಿತು.

ಇಳಕಲ್

ಸೀರೆಯ ಊರಲ್ಲಿ ಹುದುಗುವ ಮಾತೇಕೆ ಎನ್ನಬೇಡಿ. ಹತ್ತಿಯ ನೂಲಿಗೆ ಕಡುನೀಲಿ ಹಿಡಿಸುವ ಹಳೆಯ ವಿದ್ಯೆ ಪೂರಾ ಹುದುಗಿನದ್ದು. ನೀಲಗಾರ ಎಂಬ ಅಡ್ಡಹೆಸರು ಈ ಸೀಮೆಯಲ್ಲಿ ಇಂದಿಗೂ ಉಳಿದಿದೆ.

ನೀಲಿ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ನೂಲಿಗೆ ಹತ್ತುವುದಿಲ್ಲ. ಹರವಿಯಲ್ಲಿ ನೀಲಿಯ ಜತೆ ಸುಣ್ಣ, ಬೆಲ್ಲ, ತಗಚೆ ಬೀಜ ಕೂಡಿಸಿ ದಿನಗಟ್ಟಲೆ ಬಿಡುತ್ತಿದ್ದರು. ಸೂಕ್ಷ್ಮಜೀವಿಗಳು ಬೆಲ್ಲ, ಬೀಜಗಳನ್ನು ಉಣ್ಣುತ್ತ ನೀಲಿಗೆ ಜಲಜನಕ ಸೇರಿಸಿ ಅದನ್ನು ಕರಗುವಂತೆ ಮಾಡುತ್ತವೆ. ಆಗ ಹರವಿಯ ನೀರು ಹಳದಿ ಹಸಿರು, ಮೇಲೆ ತಾಮ್ರದ ಮಿಂಚಿನ ಕೆನೆ. ಅದ್ದಿದ ಲಡಿ ಹಸಿರಾಗಿ ಮೇಲೆ ಬರುತ್ತದೆ. ಗಾಳಿ ತಾಕಿದಂತೆ ಅಂಚಿನಿಂದ ಒಳಕ್ಕೆ ನೀಲಿ ಹಬ್ಬುತ್ತದೆ.

ಈಚಲ ರಸವನ್ನು ತಡೆದ ಸುಣ್ಣ ಇಲ್ಲಿ ಬೇಕೇ ಬೇಕು, ಏಕೆ? ಯೀಸ್ಟಿಗೆ ಕ್ಷಾರ ಒಗ್ಗದು. ನೀಲಿ ಹರವಿಯ ಜೀವಿಗಳು ಕ್ಷಾರದಲ್ಲೇ ಬಾಳುತ್ತವೆ, ಬದಲಾದ ನೀಲಿ ಕರಗುವುದೂ ಕ್ಷಾರದಲ್ಲೇ. ಸುಣ್ಣ ಹೆಚ್ಚಾದರೆ ಹರವಿ ಸಾಯುತ್ತದೆ, ಕಡಿಮೆಯಾದರೆ ಕೆಡುತ್ತದೆ. ಇದನ್ನು ವಾಸನೆಯಿಂದ, ನೊರೆಯ ಬಣ್ಣದಿಂದ ಹೇಳುವವರಿದ್ದರು. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದ ಮೇಲೆ ನೀಲಿ ಬೆಳೆಯೇ ಕುಸಿಯಿತು. ಕೆಂಪು ಟೋಪು ತೆನಿ ಸೆರಗನ್ನು ಕೊಂಡಿ ಹಾಕಿ ಒಡಲಿಗೆ ಜೋಡಿಸುವ ಕೈಚಳಕ ಇಳಕಲ್ಲಿನಲ್ಲಿ ಉಳಿದಿದೆ. ಬಣ್ಣ ಮಾತ್ರ ಡಬ್ಬಿಯಿಂದ ಬರುತ್ತದೆ.

ನವನಗರ, ಬಾಗಲಕೋಟೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯೂರು ಬಿಟ್ಟುಕೊಟ್ಟ ಮಂದಿಯ ಊರಿದು. ಮುಳುಗಡೆಯಲ್ಲಿ ಮನೆ, ಹೊಲ, ಗಿಡಗಳಿಗೆ ಲೆಕ್ಕ ಹಾಕಿ ಪರಿಹಾರ ಕೊಡಬಹುದು. ಯಾವ ಮೂಲೆಯಲ್ಲಿ ಗಡಿಗೆ ಇಟ್ಟರೆ ಎಷ್ಟೊತ್ತಿಗೆ ಹುಳಿ ಬರುತ್ತದೆ ಎಂಬ ತಿಳಿವಿಗೆ ಯಾವ ಪರಿಹಾರವೂ ಇಲ್ಲ.

ಹದ ಬರೆದಿಟ್ಟರೆ ಅರ್ಧ ಮಾತ್ರ ಉಳಿಯುತ್ತದೆ. ಬಲ್ಲವರ ಪಕ್ಕದಲ್ಲಿ ನಿಂತು ಮೂಸಿ, ಮುಟ್ಟಿ ಕಲಿತರೇ ಪೂರ್ತಿ. ಇದೇ ಊರಲ್ಲಿ 2008ರಲ್ಲಿ ಹುಟ್ಟಿದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಸುತ್ತ ಕಾಲೇಜುಗಳಿವೆ. ಅಲ್ಲಿಯ ಮಕ್ಕಳು ಸೂಕ್ಷ್ಮದರ್ಶಕದ ಜತೆಗೆ ಹುನಗುಂದದಲ್ಲಿ ಕಂಡಂಥ ಅಜ್ಜಿಯರ ಗಡಿಗೆಯ ಮುಂದೂ ಒಂದು ಹಂಗಾಮು ಕೂಡಬೇಕು. ಆ ಅಜ್ಜಿಯರು ಗುರುಗಳೆಂದೇ ಕರೆಸಿಕೊಳ್ಳಬೇಕು. ಅವರ ಪಾಠಕ್ಕೆ ಸಂಬಳವೂ ಸಲ್ಲಬೇಕು.