ತಲೆಗೆ ಬಂದದ್ದು ರುಮಾಲಿಗೆ ಹೋಗಲಿ

ತಲೆಯನ್ನು ಕುರಿತು ನಮ್ಮ ಭಾಷೆಯಲ್ಲಿರುವಷ್ಟು ನುಡಿಗಟ್ಟುಗಳು ಕಾಲನ್ನು ಕುರಿತಾಗಲಿ ಬೆನ್ನನ್ನು ಕುರಿತಾಗಲಿ ಇರಲಾರವು. ಹೊಣೆ ತಲೆಯ ಮೇಲೆ ಬೀಳುತ್ತದೆ. ಚಿಂತೆ ತಲೆಯನ್ನು ತಿನ್ನುತ್ತದೆ. ಹಿರಿಯರ ಮುಂದೆ ತಲೆ ಬಾಗುತ್ತದೆ. ಕೂಡದ ಕೆಲಸ ಮಾಡಿದಾಗ ಅದೇ ತಲೆ ತಗ್ಗುತ್ತದೆ. ಇಷ್ಟೊಂದು ಕೆಲಸವನ್ನು ಹೊತ್ತ ಈ ಅವಯವವನ್ನು ಸೈಕಲ್ಲಿನ ಮೇಲೆ ಕುಳಿತಾಗ ಬರಿದಾಗಿ ಬಿಡಬೇಕೆ, ಅಥವಾ ಅದಕ್ಕೊಂದು ಶಿರಸ್ತ್ರಾಣವನ್ನು ತೊಡಿಸಬೇಕೆ ಎಂಬ ಪ್ರಶ್ನೆ ಕೆಲವು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಎದ್ದಿತು. ಪ್ರಶ್ನೆ ಅಲ್ಪವೆಂದು ವಾಚಕರು ನಗಬಾರದು. ಇದನ್ನು ತೀರ್ಮಾನಿಸಲು ಹಿಡಿದಷ್ಟು ಕಾಲ ನಮ್ಮ ಮಗಳ ಮದುವೆಯ ಮಾತುಕತೆಗೂ ಹಿಡಿದಿರಲಿಲ್ಲ.

ನಿವೃತ್ತನಾದ ಮೇಲೆ, ಮೊಣಕಾಲಿಗೆ ಹಿತವೆಂದು ವೈದ್ಯರು ಹೇಳಿದುದರಿಂದ, ನಾನು ಮತ್ತೆ ಸೈಕಲ್ಲನ್ನು ಹಿಡಿದೆ. ಮೈಸೂರಿನವನಿಗೆ ಸೈಕಲ್ಲು ಹೊಸತಲ್ಲ. ನಾವು ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಅಧ್ಯಾಪಕರು, ಗುಮಾಸ್ತರು, ಅಂಚೆಯವರು, ಹಾಲಿನವರು ಎಲ್ಲರೂ ಅದರ ಮೇಲೆಯೇ ಓಡಾಡುತ್ತಿದ್ದರು. ರಾತ್ರಿ ದೀಪವಿಲ್ಲದೆ ಹೋದವನನ್ನೂ ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡವನನ್ನೂ ಪೊಲೀಸಿನವನು ತಡೆದು ನಿಲ್ಲಿಸುತ್ತಿದ್ದನೇ ಹೊರತು, ತಲೆಯ ಮೇಲೇನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಿರಿಯರ ತಲೆಯ ಮೇಲೆ ಕರಿಯ ಟೋಪಿ ಇರುತ್ತಿತ್ತು. ಅದು ಮರ್ಯಾದೆಯ ರಕ್ಷಣೆಗೆ, ಮಿದುಳಿನ ರಕ್ಷಣೆಗಲ್ಲ. ಬಳಿಕ ಸ್ಕೂಟರುಗಳು ಬಂದು ಸೈಕಲ್ಲು ಮೂಲೆಗೆ ಸೇರಿತು. 2017ರಲ್ಲಿ ನಮ್ಮ ಊರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲಿನ ಯೋಜನೆ ಆರಂಭವಾದ ಮೇಲೆ ಕಾಲೇಜು ಹುಡುಗರೂ ನನ್ನಂಥ ನರೆಗೂದಲಿನವರೂ ಮತ್ತೆ ಪೆಡಲು ತುಳಿಯುವುದು ಕಣ್ಣಿಗೆ ಬೀಳತೊಡಗಿತು.

ಕಾನೂನಿನ ಮಾತು ಬಂದರೆ ಈ ವಿಷಯದಲ್ಲಿ ನಾನು ಸ್ವತಂತ್ರ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣ ಯಂತ್ರವಿರುವ ದ್ವಿಚಕ್ರ ವಾಹನದವರಿಗೆ ಹೆಲ್ಮೆಟ್ಟನ್ನು ವಿಧಿಸುತ್ತದೆ. ತನ್ನ ಕಾಲಿನ ಬಲದಿಂದಲೇ ಹೋಗುವ ಬಡಪಾಯಿಯನ್ನು ಅದು ಮುಟ್ಟುವುದಿಲ್ಲ. ಆದರೆ ಸರಕಾರ ಕೇಳದ ಪ್ರಶ್ನೆಯನ್ನು ಮೊಮ್ಮಗಳು ಕೇಳಿದಳು. “ಅಪ್ಪನ ಸ್ಕೂಟರಿನಲ್ಲಿ ಕುಳಿತರೆ ನನ್ನ ತಲೆಗೆ ಬೇಕು, ನಿಮ್ಮ ಸೈಕಲ್ಲಿನಲ್ಲಿ ನಿಮ್ಮ ತಲೆಗೆ ಬೇಡವೆ? ಸೈಕಲ್ಲಿನಿಂದ ಬಿದ್ದರೆ ನೆಲ ಮೆತ್ತಗಿರುತ್ತದೆಯೆ?” ಏಳು ವರ್ಷದ ಮಗುವಿನ ತರ್ಕಕ್ಕೆ ಉತ್ತರ ಹೇಳುವುದು ಕಷ್ಟ. ನನ್ನಾಕೆ ಒಳಗಿನಿಂದಲೇ, “ಹಾಗೆ ಕೇಳು,” ಎಂದಳು.

ನನ್ನ ಪಕ್ಷದ ವಾದಗಳೇನೂ ಕಡಿಮೆಯಿರಲಿಲ್ಲ. ಬೇಸಗೆಯ ಸೆಕೆ ಒಂದು. ಮಾರುಕಟ್ಟೆಗೆ ಹೋದಾಗ ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಹೆಲ್ಮೆಟ್ಟು ಹಿಡಿದರೆ ಚಿಲ್ಲರೆ ಎಣಿಸಲು ಮೂರನೆಯ ಕೈ ಎಲ್ಲಿಂದ ತರುವುದು ಎಂಬುದು ಎರಡು. ಧೋತ್ರವುಟ್ಟವನ ತಲೆಯ ಮೇಲೆ ಕಲ್ಲಂಗಡಿಯ ಹೋಳಿನಂಥದೊಂದನ್ನು ಕವುಚಿದರೆ ಬೀದಿಯವರು ಏನೆಂದಾರು ಎಂಬುದು ಮೂರು. ಇವೆಲ್ಲಕ್ಕಿಂತ ದೊಡ್ಡದು ನಾಲ್ಕನೆಯದು: ಇಷ್ಟು ವರ್ಷ ತುಳಿದಿದ್ದೇನೆ, ಒಮ್ಮೆಯೂ ತಲೆಯೂರಿ ಬಿದ್ದವನಲ್ಲ. ಈ ನಾಲ್ಕನೆಯ ವಾದ ನನ್ನೊಬ್ಬನದೇ ಅಲ್ಲವೆಂದು ಆಮೇಲೆ ತಿಳಿಯಿತು. ಸೈಕಲ್ ಪಂದ್ಯದ ಜಗದೇಕವೀರರೂ ಅದನ್ನೇ ಹೇಳುತ್ತಿದ್ದರು. 1991ರಲ್ಲಿ ಹೆಲ್ಮೆಟ್ಟನ್ನು ಕಡ್ಡಾಯ ಮಾಡಹೊರಟಾಗ ಫ್ರಾನ್ಸಿನ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಸವಾರರು ಮುಷ್ಕರ ಹೂಡಿದರು; ನಿಯಮ ಹಿಂದೆ ಸರಿಯಿತು. 1995ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಬೆಟ್ಟವಿಳಿಯುವಾಗ ಬಿದ್ದು ಇಟಲಿಯ ಫಾಬಿಯೊ ಕಸಾರ್ತೆಲ್ಲಿ ತೀರಿಕೊಂಡ. 2003ರಲ್ಲಿ ಅದೇ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಸತ್ತ. ಇಬ್ಬರ ತಲೆಯೂ ಬರಿದಾಗಿತ್ತು. ಆ ವರ್ಷವೇ ನಿಯಮ ಬಂತು. ಸವಾರಿಯ ಕೌಶಲ ಬೀಳುವ ಸರದಿಯನ್ನು ತಡಮಾಡಬಹುದು. ಬಿದ್ದ ಮೇಲೆ ಕಲ್ಲು ಕೌಶಲವನ್ನು ಕೇಳುವುದಿಲ್ಲ.

ದೂರದ ದೇಶದ ವೀರರ ಕಥೆ ಇಷ್ಟಾದರೂ ನನ್ನ ಮನಸ್ಸನ್ನು ಕಲಕಿದುದು ಹತ್ತಿರದ ಒಂದು ಸಂಗತಿ. ನನ್ನ ಮಿತ್ರರೊಬ್ಬರು ಗಣಿತದ ಅಧ್ಯಾಪಕರಾಗಿದ್ದವರು. ಒಂದು ಸಂಜೆ ಗ್ರಂಥಾಲಯದಿಂದ ಸೈಕಲ್ಲಿನಲ್ಲಿ ಹಿಂತಿರುಗುವಾಗ, ಹೊಸದಾಗಿ ಎಬ್ಬಿಸಿದ್ದ ರಸ್ತೆಯ ಉಬ್ಬೊಂದು ಅವರಿಗೆ ಕಾಣಲಿಲ್ಲ. ಅದಕ್ಕೆ ಬಿಳಿಯ ಬಣ್ಣ ಬಳಿದಿರಲಿಲ್ಲ, ಬೀದಿಯ ದೀಪವೂ ಇರಲಿಲ್ಲ. ಎದುರಿಗೆ ಲಾರಿಯಿಲ್ಲ, ಕಾರಿಲ್ಲ. ನಡೆಯುವವನಿಗಿಂತ ತುಸು ಹೆಚ್ಚಿನ ವೇಗ. ಬಿದ್ದರು, ಎದ್ದರು, ಧೂಳು ಕೊಡವಿಕೊಂಡು ನಕ್ಕರು, ಮನೆಗೆ ಬಂದು ಊಟವನ್ನೂ ಮಾಡಿದರು. ನಡುರಾತ್ರಿ ವಾಂತಿಯಾಗಿ ಮಾತು ತೊದಲಿತು. ತಲೆಯೋಡಿಗೂ ಮಿದುಳಿಗೂ ನಡುವೆ ರಕ್ತ ಸುರಿದು ಮಿದುಳನ್ನು ಒತ್ತುತ್ತಿದೆಯೆಂದು ವೈದ್ಯರು ಹೇಳಿ ಶಸ್ತ್ರಕ್ರಿಯೆ ಮಾಡಿದರು. ಜೀವ ಉಳಿಯಿತು. ಆದರೆ ಪದಗಳು ಹೋದುವು. ಚಮಚವನ್ನು ಕೈಯಲ್ಲಿ ಹಿಡಿದು “ಬೀಗದ ಕೈ” ಎನ್ನುತ್ತಾರೆ. ತಪ್ಪೆಂದು ಅವರಿಗೆ ಗೊತ್ತು, ಸರಿಯಾದುದು ನಾಲಗೆಗೆ ಬಾರದು. ಕಣ್ಣಿನಲ್ಲಿ ನೀರು ಬರುತ್ತದೆ. ಧಾರಾವಾಹಿಯ ನಾಯಕನಾದರೆ ಮುಂದಿನ ವಾರ ನೆನಪು ಮರಳುತ್ತಿತ್ತು. ಇವರಿಗೆ ಎರಡು ವರ್ಷಗಳಾದರೂ ಮರಳಿಲ್ಲ. ಹೆಲ್ಮೆಟ್ಟಿದ್ದರೆ ಹೀಗಾಗುತ್ತಿರಲಿಲ್ಲವೆಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ಆ ಬೀಳು ಎಂಥದೆಂಬುದನ್ನು ಮಾತ್ರ ಮರೆಯಲಾರೆ: ಹಗುರವಾದದ್ದು, ಒಂಟಿಯಾದದ್ದು, ಯಾರಿಗೂ ದಿನವೂ ಆಗಬಹುದಾದದ್ದು.

ಹೀಗಾಗಿ, ಈ ಹೆಲ್ಮೆಟ್ಟು ನಿಜವಾಗಿ ಮಾಡುವುದೇನು ಎಂಬುದನ್ನು ತಿಳಿಯಲು ಹೊರಟೆ. ಅಂಗಡಿಯವನು ತೋರಿಸಿದ ಟೋಪಿಯ ತೂಕ ಕಾಲು ಕಿಲೋಗಿಂತ ತುಸು ಹೆಚ್ಚು. ಹೊರಗೆ ತೆಳ್ಳನೆಯ ಚಿಪ್ಪು, ಒಳಗೆ ಎರಡು ಮೂರು ಸೆಂಟಿಮೀಟರು ದಪ್ಪದ ಬಿಳಿಯ ನೊರೆಯ ಪದರ—ಟೆಲಿವಿಷನ್ನಿನ ಪೆಟ್ಟಿಗೆಯೊಳಗೆ ಬರುವ ಪಾಲಿಸ್ಟೈರೀನಿನ ಜಾತಿಯದು. ಇದೇನು ರಕ್ಷಿಸೀತು ಎಂದುಕೊಳ್ಳುವವರಿಗೆ ಇದರ ಗುಟ್ಟು ತಿಳಿಯದು. ಅದು ಗಟ್ಟಿಯಾಗಿರುವುದರಿಂದ ಕಾಯುವುದಿಲ್ಲ, ಪುಡಿಯಾಗುವುದರಿಂದ ಕಾಯುತ್ತದೆ. ತಲೆ ಕಲ್ಲಿಗೆ ತಾಗಿ ಥಟ್ಟನೆ ನಿಂತರೆ ಒಳಗಿನ ಮಿದುಳಿಗೆ ಆಘಾತ; ನೊರೆ ಜಜ್ಜಿಹೋಗುತ್ತ ಆ ನಿಲ್ಲುವಿಕೆಯನ್ನು ಕ್ಷಣದ ಒಂದು ಸಣ್ಣ ಅಂಶದಷ್ಟು ನಿಧಾನಿಸಿದರೆ ಆಘಾತ ಇಳಿಯುತ್ತದೆ. ಒಮ್ಮೆ ಜಜ್ಜಿದುದು ಮತ್ತೆ ಉಬ್ಬುವುದಿಲ್ಲ. ಆದುದರಿಂದ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಚೆನ್ನಾಗಿ ಕಂಡರೂ, ಎಸೆಯಬೇಕು.

ಅದನ್ನು ಪರೀಕ್ಷಿಸುವ ಬಗೆಯೂ ಅರ್ಥಗರ್ಭಿತವಾಗಿದೆ. ಯೂರೋಪಿನ ಇ.ಎನ್. 1078 ಎಂಬ ಮಾನದಂಡದಲ್ಲಿ ಕೃತಕ ತಲೆಯೊಂದಕ್ಕೆ ಅದನ್ನು ತೊಡಿಸಿ ಚಪ್ಪಟೆಯಾದ ಕಬ್ಬಿಣದ ಮೇಲೆ ಸುಮಾರು ಒಂದೂವರೆ ಮೀಟರಿನಿಂದ ಬೀಳಿಸುತ್ತಾರೆ. ತಾಗುವಾಗಿನ ವೇಗ ಗಂಟೆಗೆ 20 ಕಿಲೋಮೀಟರಿಗೆ ತುಸು ಕಡಿಮೆ. ಅಮೆರಿಕದ ಮಾನದಂಡದಲ್ಲಿ ಎತ್ತರ ಎರಡು ಮೀಟರು. ಸೈಕಲ್ಲಿನ ಮೇಲೆ ಕುಳಿತವನ ತಲೆಯ ಎತ್ತರವೂ ಈ ಎರಡರ ನಡುವಿನದೇ ಅಲ್ಲವೆ? ಎಂದರೆ ಈ ವಸ್ತುವನ್ನು ಮಾಡಿರುವುದು ಸೈಕಲ್ಲಿನಿಂದ ನೆಲಕ್ಕೆ ಬೀಳುವುದಕ್ಕೆ. ಅರುವತ್ತರ ವೇಗದಲ್ಲಿ ಬರುವ ಲಾರಿಗೆ ಅಲ್ಲ. ವೇಗ ಮೂರು ಮಡಿಯಾದರೆ ಪೆಟ್ಟಿನ ಶಕ್ತಿ ಒಂಬತ್ತು ಮಡಿಯಾಗುತ್ತದೆಂದು ನನ್ನ ಮಿತ್ರರೇ ತರಗತಿಯಲ್ಲಿ ಹೇಳುತ್ತಿದ್ದರು.

ತಲೆಯ ರಕ್ಷಣೆಯ ಈ ವಿಚಾರಕ್ಕೆ ಬಲ ಬಂದುದು ಒಂದು ವಿಚಿತ್ರವಾದ ಅಪಘಾತದಿಂದ. 1935ರ ಮೇ ತಿಂಗಳಲ್ಲಿ, ‘ಅರೇಬಿಯದ ಲಾರೆನ್ಸ್’ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಮುಂದೆ ಬೈಸಿಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದು, ಆರು ದಿನ ಎಚ್ಚರವಿಲ್ಲದೆ ಮಲಗಿ ಸತ್ತ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬ. ಆ ಸಾವು ಅವನನ್ನು ಬಿಡಲಿಲ್ಲ. 1941ರಲ್ಲಿ ಅವನು ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳನ್ನು ಕುರಿತು ಬರೆದು ಶಿರಸ್ತ್ರಾಣದ ಮಹತ್ವವನ್ನು ತೋರಿಸಿದ. ಇಂದು ಕೋಟ್ಯಂತರ ಜನರ ತಲೆಯ ಮೇಲಿರುವುದು ಒಬ್ಬ ವೈದ್ಯನ ಆ ವ್ಯಸನದ ಫಲ.

ಸೈಕಲ್ಲಿನ ವಿಷಯದಲ್ಲಿ ವಾದ ಮಾತ್ರ ಇನ್ನೂ ಮುಗಿದಿಲ್ಲ. ಒಂದು ಕಡೆ, ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ಲೆಕ್ಕವನ್ನು, ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದರು: ಹೆಲ್ಮೆಟ್ಟು ತೊಟ್ಟವರಲ್ಲಿ ತಲೆಗೆ ಗಾಯವಾಗುವ ಸಂಭವ ಅರ್ಧದಷ್ಟು ಕಡಿಮೆ, ತೀವ್ರವಾದ ಗಾಯದ ಸಂಭವ ಮೂರರಲ್ಲಿ ಎರಡು ಪಾಲು ಕಡಿಮೆ. ತೊಡುವವನು ಸ್ವಭಾವತಃ ಎಚ್ಚರಿಕೆಯವನೂ ಆಗಿರಬಹುದು. ಅದನ್ನು ಕಳೆದರೂ ಉಳಿಯುವುದು ಅಲ್ಪವಲ್ಲ.

ಇನ್ನೊಂದು ಕಡೆ, ಇಂಗ್ಲೆಂಡಿನ ಇಯಾನ್ ವಾಕರ್ ಎಂಬ ಮನಶ್ಶಾಸ್ತ್ರಜ್ಞ ತಾನೇ ಸೈಕಲ್ಲೇರಿ, ತನ್ನನ್ನು ದಾಟಿಹೋದ ಎರಡು ಸಾವಿರಕ್ಕೂ ಹೆಚ್ಚು ವಾಹನಗಳ ಅಂತರವನ್ನು ಅಳೆದ. ಹೆಲ್ಮೆಟ್ಟು ತೊಟ್ಟಾಗ ಅವು ಸರಾಸರಿ ಎಂಟೂವರೆ ಸೆಂಟಿಮೀಟರು ಹತ್ತಿರ ಬಂದುವೆಂದು 2007ರಲ್ಲಿ ತಿಳಿಸಿದ. ಎಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಬೆರಳಿಗಿಂತ ತುಸು ಹೆಚ್ಚು. ಅದೇ ಅಂಕಿಗಳನ್ನು 2013ರಲ್ಲಿ ಮತ್ತೆ ಲೆಕ್ಕ ಹಾಕಿದವರು, ಅಪಾಯವೆನಿಸುವಷ್ಟು ಹತ್ತಿರ ಬಂದ ವಾಹನಗಳಿಗೂ ಹೆಲ್ಮೆಟ್ಟಿಗೂ ಸಂಬಂಧವಿಲ್ಲವೆಂದರು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 1990ರ ಜುಲೈ 1ರಿಂದ ಎಲ್ಲ ವಯಸ್ಸಿನವರಿಗೂ ಇದನ್ನು ಕಡ್ಡಾಯ ಮಾಡಿತು. ತಲೆಯ ಗಾಯಗಳು ಇಳಿದುವು, ಹದಿಹರೆಯದವರ ಸವಾರಿಯೂ ಇಳಿಯಿತು. ಯಾವುದರಿಂದ ಎಷ್ಟು ಇಳಿಯಿತೆಂಬ ಜಗಳ ಇನ್ನೂ ನಡೆದಿದೆ.

ನೆದರ್‌ಲ್ಯಾಂಡ್ಸ್ ದೇಶದ ಕಥೆಯೇ ಬೇರೆ. ಅಲ್ಲಿ ಅಜ್ಜಿಯರೂ ಶಾಲೆಯ ಮಕ್ಕಳೂ ಬರಿದಲೆಯಲ್ಲಿಯೇ ತುಳಿಯುತ್ತಾರೆ. ಆದರೆ ಆ ನಿರ್ಭಯ ಸುಮ್ಮನೆ ಬಂದುದಲ್ಲ. 1971ರಲ್ಲಿ ಅಲ್ಲಿ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಯರು ಬೀದಿಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಕೂಗಿದರು. ಅಲ್ಲಿಂದ ಮುಂದೆ ದಶಕಗಳ ಕಾಲ ಸೈಕಲ್ಲಿಗೇ ಬೇರೆ ಹಾದಿಗಳನ್ನು ಕಟ್ಟಿದರು, ಬಡಾವಣೆಗಳಲ್ಲಿ ಮೋಟಾರುಗಳ ವೇಗವನ್ನು ಕಟ್ಟಿಹಾಕಿದರು. ಡಚ್ಚರು ಶಿರಸ್ತ್ರಾಣವನ್ನು ಬಿಟ್ಟವರಲ್ಲ; ಊರಿಗೇ ಅದನ್ನು ತೊಡಿಸಿದವರು.

ನಮ್ಮ ಊರಿಗೆ ಅದನ್ನು ಇನ್ನೂ ತೊಡಿಸಿಲ್ಲ. ಆದುದರಿಂದ ನಾನು ಮಾಡಿದ ಲೆಕ್ಕ ಇಷ್ಟೆ: ನನಗೆ ಬರಬಹುದಾದ ಬೀಳು ಯಾವುದು? ಸರಸ್ವತೀಪುರದ ಅಡ್ಡರಸ್ತೆಯಲ್ಲಿ ಹಠಾತ್ತನೆ ಅಡ್ಡ ಬರುವ ನಾಯಿ, ಕುಕ್ಕರಹಳ್ಳಿ ಕೆರೆಯ ಬದಿಯಲ್ಲಿ ಮಳೆಗೆ ನೆನೆದ ಎಲೆ, ಚಾಮುಂಡಿಬೆಟ್ಟದ ತಿರುವಿನ ಜಲ್ಲಿ, ಬಣ್ಣವಿಲ್ಲದ ಉಬ್ಬು, ನೀರು ತುಂಬಿ ಆಳ ತಿಳಿಯದ ಗುಂಡಿ. ಇವೆಲ್ಲವೂ ಒಂದೂವರೆ ಮೀಟರಿನ ಬೀಳುಗಳು. ಆ ನೊರೆಯ ಪದರವನ್ನು ಅಳೆದು ಮಾಡಿರುವುದೇ ಇವುಗಳಿಗೆ. ಲಾರಿಯಿಂದ ಅದು ನನ್ನನ್ನು ಉಳಿಸದಿರಬಹುದು. ಕೊಡೆ ಸಿಡಿಲನ್ನು ತಡೆಯುವುದಿಲ್ಲವೆಂದು ಮಳೆಯಲ್ಲಿ ಅದನ್ನು ಮನೆಯಲ್ಲಿಟ್ಟು ಹೋಗುವವರುಂಟೆ? ವಯಸ್ಸಾದಂತೆ ಮಿದುಳಿನ ರಕ್ತನಾಳಗಳು ಸಣ್ಣ ಪೆಟ್ಟಿಗೂ ಹರಿಯುವುದು ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಒಂದು ಪಾತ್ರೆಗೆ ಕೊಡುವ ಹಣದಲ್ಲಿ, ನಾನು ಪದಗಳನ್ನು ಉಳಿಸಿಕೊಳ್ಳುವ ಸಂಭವ ಹೆಚ್ಚುವುದಾದರೆ, ಸೆಕೆಯೂ ಬೀದಿಯವರ ನಗೆಯೂ ಅಗ್ಗವೇ ಸರಿ.

ಹೀಗೆ ತೀರ್ಮಾನವಾಯಿತು, ತೊಡುತ್ತಿದ್ದೇನೆ. ತೊಡುವುದಕ್ಕೂ ಕ್ರಮವಿದೆ. ಹಿಂದಕ್ಕೆ ಸರಿಸಿ ಹಣೆಯನ್ನು ತೆರೆದಿಡಬಾರದು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಸಮನಾಗಿ ಕೂರಿಸಬೇಕು. ಹಣೆಬರಹವನ್ನು ಅಳಿಸಲಾಗದಿದ್ದರೂ ಮುಚ್ಚಿಡಬಹುದು ನೋಡಿ. ಪಟ್ಟಿ ಗದ್ದದ ಕೆಳಗೆ ಒಂದೆರಡು ಬೆರಳು ಹೋಗುವಷ್ಟೇ ಸಡಿಲವಿರಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ಟು ಬೀಳುವಾಗ ನಿಮಗಿಂತ ಮೊದಲು ನೆಲ ಸೇರುತ್ತದೆ.

ಆದರೆ ಬೆಳಗಿನ ಜಾವದಲ್ಲಿ ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವವನನ್ನು ನಿಲ್ಲಿಸಿ, “ನಿನ್ನ ಹೆಲ್ಮೆಟ್ಟೆಲ್ಲಿ?” ಎಂದು ಕೇಳುವ ಅಧಿಕಾರ ನನಗಿದೆಯೆಂದು ಭಾವಿಸುವುದಿಲ್ಲ. ಅವನು ಬಿದ್ದ ದಿನ, ತಪ್ಪು ಗುಂಡಿಯದೂ ದೀಪವಿಲ್ಲದ ಬೀದಿಯದೂ ಅಲ್ಲ, ಅವನ ಬರಿದಲೆಯದು ಎಂದು ತೀರ್ಪು ಕೊಡುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಕೊಳ್ಳಬಲ್ಲವನಿಗೆ ಇದು ವಿವೇಕ. ಕೊಳ್ಳಲಾರದವನಿಗೆ ಇದನ್ನು ಅಪರಾಧ ಮಾಡಬಾರದು. ಅವನಿಗೂ ನನಗೂ ಸಲ್ಲಬೇಕಾದುದು ಕಾಣುವ ಉಬ್ಬು, ಉರಿಯುವ ದೀಪ, ಮುಚ್ಚಿದ ಗುಂಡಿ.

“ತಲೆಗೆ ಬಂದದ್ದು ರುಮಾಲಿಗೆ ಹೋಯಿತು” ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ರುಮಾಲು ಹೋದುದಕ್ಕೆ ಅವರು ಅತ್ತಂತೆ ತೋರುವುದಿಲ್ಲ. ತಲೆ ಉಳಿಯಿತಲ್ಲ ಎಂಬ ನಿಟ್ಟುಸಿರು ಆ ಮಾತಿನಲ್ಲಿದೆ. ನಮ್ಮ ಬೀದಿಯ ಉಬ್ಬುಗಳಿಗೆ ಬಣ್ಣ ಬಳಿಯಿರೆಂದು ಈ ವರ್ಷ ನಾನು ಮೂರು ಅರ್ಜಿಗಳನ್ನು ಬರೆದಿದ್ದೇನೆ. ಇನ್ನೂ ಬಹಳ ಬರೆಯಬೇಕಾದೀತು. ಅರ್ಜಿ ಬರೆಯುವುದಕ್ಕಾದರೂ ತಲೆ ನೆಟ್ಟಗಿರಬೇಕಲ್ಲವೆ?