ಲಕ್ಷ್ಮಣನ ಪಾಲಿನ ನರಕ

ವಾಲ್ಮೀಕಿಯಲ್ಲಿ ರಾವಣನನ್ನು ಕೊಲ್ಲುವವನು ರಾಮ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ಲಕ್ಷ್ಮಣ. ಕನ್ನಡ ಎಂ.ಎ. ಮಾಡಿದವರೆಲ್ಲ ಇದನ್ನು ‘ವ್ಯತ್ಯಾಸಗಳು’ ಎಂಬ ಶೀರ್ಷಿಕೆಯ ಕೆಳಗೆ ಬರೆದುಕೊಂಡಿರುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಕತೆಗೆ ಸಾಲದು.

ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಿಂದ ಬಂದ ಈ ಜೈನ ಪರಂಪರೆಯಲ್ಲಿ ರಾಮ ಬಲದೇವ, ಅದೇ ಜನ್ಮದಲ್ಲಿ ಮೋಕ್ಷ ಪಡೆಯಬೇಕಾದವನು. ರಾವಣನ ಕೊಲೆ ಅವನಿಗೆ ಅಂಟುವಂತಿಲ್ಲ. ಹಾಗಂತ ರಾವಣ ಸಾಯದೆ ಕತೆ ಮುಗಿಯುವುದಿಲ್ಲವಲ್ಲ! ಅವನು ಎಸೆದ ಚಕ್ರವೇ ಲಕ್ಷ್ಮಣನ ಕೈಸೇರಿ, ಅದರಿಂದಲೇ ಅವನು ಸಾಯುತ್ತಾನೆ. ಕೊಂದವನು ಮುಂದೆ ನರಕಕ್ಕೆ ಹೋಗುತ್ತಾನೆ. ಹೆಂಡತಿ ಮರಳಿ ಸಿಕ್ಕಿದ್ದು ಅಣ್ಣನಿಗೆ, ಮೋಕ್ಷವೂ ಅಣ್ಣನಿಗೆ.

ನಮ್ಮೂರಲ್ಲಿ ಅಪ್ಪನನ್ನು ಈಗಲೂ ‘ದೇವರಂಥ ಮನುಷ್ಯ’ ಎನ್ನುತ್ತಾರೆ. ಚಿಕ್ಕಪ್ಪನಿಗೆ ಜಗಳಗಂಟನೆಂಬ ಹೆಸರು. ಬದು ಒತ್ತಿದವರ ಜೊತೆ ಕಿತ್ತಾಡಿದ್ದು, ಕೊಟ್ಟ ಸಾಲ ಕೇಳಲು ನೆಂಟರ ಬಾಗಿಲಿಗೆ ಹೋಗಿ ನಿಂತದ್ದು, ಅಜ್ಜಿಯ ಕಾಯಿಲೆಯಲ್ಲಿ ಹಸು ಮಾರಿದ್ದು, ಎಲ್ಲ ಅವರೇ. ಅಪ್ಪ ಜಗಲಿಯಲ್ಲಿ ಕೂತು, ‘ಹೋಗಲಿ ಬಿಡೋ’ ಎನ್ನುತ್ತಿದ್ದರು. ಬಿಟ್ಟಿದ್ದರೆ ನನ್ನ ಕಾಲೇಜಿನ ಫೀಸು ಎಲ್ಲಿಂದ ಬರುತ್ತಿತ್ತೋ! ಅಪ್ಪನ ಒಳ್ಳೆಯತನದ ಖರ್ಚನ್ನು ಚಿಕ್ಕಪ್ಪ ಭರಿಸಿದರು.

ಹಾಗಾಗಿ ಕವಿಯೊಬ್ಬ ಯಾರದೋ ಹಣೆಬರಹ ತಿದ್ದಿದ ಎಂದರೆ, ಆ ಭಾರ ಯಾರ ತಲೆಗೆ ಬಂತು ಎಂದು ಹುಡುಕುತ್ತೇನೆ. 941ರ ಸುಮಾರಿಗೆ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಐವರ ಹೆಂಡತಿಯೆಂಬ ಮಾತಿನಿಂದ ಅವಳು ಪಾರಾದಳು. ಆದರೆ ಕೊನೆಗೆ ಅರ್ಜುನನ ಪಕ್ಕದಲ್ಲಿ ಪಟ್ಟಕ್ಕೆ ಕೂತದ್ದು ಸುಭದ್ರೆ. ಕುವೆಂಪು ಒಬ್ಬರು ಬೇರೆ ದಾರಿ ಹಿಡಿದರು: ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಡನೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಭಾರ ಇನ್ನೊಬ್ಬರ ತಲೆಗೆ ಹೋಗಲಿಲ್ಲ, ಹಂಚಿಹೋಯಿತು.

ಜೈನ ಕತೆಯಲ್ಲೂ ಲಕ್ಷ್ಮಣನನ್ನು ಮರೆತುಬಿಡುವುದಿಲ್ಲ. ರಾಮ ಸತ್ತನೆಂಬ ಸುಳ್ಳುಸುದ್ದಿಗೇ ಅವನ ಪ್ರಾಣ ಹೋಗುತ್ತದೆ. ರಾಮ ಆರು ತಿಂಗಳು ಆ ಹೆಣ ಹೊತ್ತು ತಿರುಗುತ್ತಾನೆ. ಹನ್ನೆರಡನೇ ಶತಮಾನದ ಹೇಮಚಂದ್ರ ಇನ್ನೂ ಮುಂದಕ್ಕೆ ಹೋಗುತ್ತಾನೆ. ತಪಸ್ಸಿನಿಂದ ಇಂದ್ರಪದವಿಗೇರಿದ ಸೀತೆ ನರಕಕ್ಕೆ ಇಳಿದು ಬಂದರೆ, ಅಲ್ಲಿ ಲಕ್ಷ್ಮಣನೂ ರಾವಣನೂ ಇನ್ನೂ ಹೊಡೆದಾಡುತ್ತಿದ್ದಾರೆ. ಇಬ್ಬರನ್ನೂ ಎತ್ತಿಕೊಂಡು ಹೋಗಲು ನೋಡಿದರೆ, ಪಾದರಸದಂತೆ ಕೈಯಿಂದ ಜಾರಿ ಬಿದ್ದು ಚೂರಾಗುತ್ತಾರೆ.